ಹೆದ್ದಾರಿಯ ಗೆರೆ ಎಳೆಯುವ ಗಣಿತ

ಹೊಸ ಹೆದ್ದಾರಿ ಬರುತ್ತದಂತೆ ಎಂಬ ಸುದ್ದಿ ಹಬ್ಬಿದ ಕೂಡಲೆ ಊರಿನವರು ಮೊದಲು ಕೇಳುವುದು, ಅದು ಯಾರ ಜಮೀನಿನ ಮೇಲೆ ಹೋಗುತ್ತದೆ ಎಂದು. ಎಂಜಿನಿಯರುಗಳ ಮಾತಿನಲ್ಲಿ ಇದಕ್ಕೆ ಅಲೈನ್‌ಮೆಂಟ್ ಎಂದು ಹೆಸರು. ನಕ್ಷೆಯಲ್ಲಿ ನೋಡಿದರೆ ಬರಿಯ ಒಂದು ಗೆರೆ. ಆ ಗೆರೆ ನೂರು ಮೀಟರ್ ಎಡಕ್ಕೆ ಸರಿದರೆ ಒಬ್ಬರ ಅಡಿಕೆ ತೋಟ ಉಳಿದು ಇನ್ನೊಬ್ಬರ ಮನೆ ಹೋಗುತ್ತದೆ. ಎರಡು ಮೀಟರ್ ಮೇಲಕ್ಕೆದ್ದರೆ ಗುಡ್ಡ ಕಡಿಯುವ ಕೆಲಸ ತಗ್ಗಿ, ಮುಂದಿನ ಕಣಿವೆಗೆ ಸುರಿಯಬೇಕಾದ ಮಣ್ಣು ಹೆಚ್ಚುತ್ತದೆ. ಹಿಂದೆ ಈ ಗೆರೆಯನ್ನು ಅನುಭವಿ ಎಂಜಿನಿಯರು ಗುಡ್ಡ ಹತ್ತಿಳಿದು, ಕಣ್ಣಳತೆಯಿಂದಲೂ ಸರ್ವೆಯಿಂದಲೂ ಎಳೆಯುತ್ತಿದ್ದರು. ನಾಲ್ಕಾರು ಗೆರೆ ಎಳೆದು, ಅವುಗಳಲ್ಲಿ ಮೇಲಾದದ್ದನ್ನು ಆರಿಸುತ್ತಿದ್ದರು. ಈಗ ಕಂಪ್ಯೂಟರ್ ಲಕ್ಷಗಟ್ಟಲೆ ಗೆರೆಗಳನ್ನು ತೂಗಿ ನೋಡಬಲ್ಲದು. ಹಾಕಿದ ಕಟ್ಟುಪಾಡುಗಳನ್ನೆಲ್ಲ ಪಾಲಿಸಿ, ಅತಿ ಕಡಿಮೆ ಖರ್ಚಿನ ಗೆರೆ ಯಾವುದೆಂದು ಹುಡುಕುವ ಈ ವಿದ್ಯೆಗೆ ಆಪ್ಟಿಮೈಸೇಶನ್ ಎನ್ನುತ್ತಾರೆ.

ಈ ಗಣಿತದ ಮೇಲೆ ನನಗೆ ತುಂಬ ಗೌರವ. ಆದರೆ ಅದು ಕೊಡುವ ಉತ್ತರಕ್ಕಿಂತ, ಆ ಉತ್ತರದ ಜೊತೆಗೆ ಅದು ಹೇಳಬಲ್ಲ ಇನ್ನೊಂದು ಸಂಗತಿ ನಮಗೆ ಹೆಚ್ಚು ಬೇಕಾದದ್ದು ಎಂಬುದು ನನ್ನ ಅಭಿಪ್ರಾಯ. ಅದೇನೆಂದು ಹೇಳುವ ಮೊದಲು ಲೆಕ್ಕ ಹೇಗೆ ನಡೆಯುತ್ತದೆಂದು ನೋಡೋಣ.

ರಸ್ತೆಯ ಗೆರೆ ಮನಸ್ಸಿಗೆ ಬಂದಂತೆ ತಿರುಗುವ ಹಾಗಿಲ್ಲ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ನಿಯಮಗಳಿವೆ. ಬಯಲು ಸೀಮೆಯಲ್ಲಿ ಏರು ಸಾಮಾನ್ಯವಾಗಿ 30ಕ್ಕೆ 1ನ್ನು ಮೀರಬಾರದು, ಅಂದರೆ 30 ಮೀಟರ್ ಮುಂದೆ ಹೋದಾಗ 1 ಮೀಟರ್ ಏರಬಹುದು. ಬೆಟ್ಟದ ಸೀಮೆಯಲ್ಲಿ 20ಕ್ಕೆ 1. ಹಾಗಾಗಿ 600 ಮೀಟರ್ ಎತ್ತರದ ಘಾಟಿಯನ್ನು ಈ ಏರಿನಲ್ಲಿ ಹತ್ತಬೇಕಾದರೆ, ತಲೆ ಮತ್ತು ಬುಡದ ನಡುವೆ ನೇರ ದೂರ ಎಷ್ಟೇ ಕಡಿಮೆ ಇರಲಿ, ರಸ್ತೆ 12 ಕಿಲೋಮೀಟರ್ ಸುತ್ತಲೇಬೇಕು. ಆಗುಂಬೆ ಘಾಟಿಯ 14 ಹೇರ್‌ಪಿನ್ ತಿರುವುಗಳ ಹಿಂದೆ ಇರುವುದು ಇಂಥದೇ ಲೆಕ್ಕ. ತಿರುವಿಗೂ ಅಳತೆ ಉಂಟು. ಗಂಟೆಗೆ 50 ಕಿಲೋಮೀಟರ್ ವೇಗದ ವಾಹನಕ್ಕೆ ಸುಮಾರು 90 ಮೀಟರ್ ತ್ರಿಜ್ಯದ ತಿರುವು ಸಾಕು. ವೇಗ 100 ಆದರೆ 360 ಮೀಟರ್ ಬೇಕು. ವೇಗ ಎರಡು ಪಟ್ಟಾದರೆ ತ್ರಿಜ್ಯ ನಾಲ್ಕು ಪಟ್ಟು. ವೇಗದ ಹೆದ್ದಾರಿಗಳು ಗುಡ್ಡವನ್ನು ಬಳಸಿ ಹೋಗದೆ ಸೀಳಿಕೊಂಡು ಹೋಗಲು ದೊಡ್ಡ ಕಾರಣ ಇದು. ಗಂಟೆಗೆ 100 ಕಿಲೋಮೀಟರ್ ಬೇಕೆಂದು ಬರೆದ ಕ್ಷಣದಲ್ಲೇ ಗುಡ್ಡದ ಹಣೆಬರಹ ಅರ್ಧ ಬರೆದಂತೆ.

ಇನ್ನು ಮಣ್ಣಿನ ವಿಚಾರ. ರಸ್ತೆ ಎಂದರೆ ನಮ್ಮ ಕಣ್ಣಿಗೆ ಬೀಳುವುದು ಡಾಂಬರು. ಡಾಂಬರು ಬೀಳುವ ಮುನ್ನ ನಡೆಯುವ ಕಟಿಂಗ್ ಮತ್ತು ಫಿಲ್ಲಿಂಗ್ ಕೆಲಸವೇ ಗುಡ್ಡಗಾಡಿನಲ್ಲಿ ಖರ್ಚಿನ ದೊಡ್ಡ ಬಾಯಿ. ದಿಬ್ಬ ಕಡಿದ ಮಣ್ಣನ್ನು ತಗ್ಗಿಗೆ ಸುರಿಯಬೇಕು. ಮಣ್ಣು ಸಾಗುವ ದೂರಕ್ಕೆ ಲೋಕೋಪಯೋಗಿ ಇಲಾಖೆಯವರೂ ಕಂಟ್ರಾಕ್ಟರುಗಳೂ ಲೀಡ್ ಎನ್ನುತ್ತಾರೆ. ಲೀಡ್ ಹೆಚ್ಚಿದಂತೆ ದರ ಹೆಚ್ಚು. ಮಣ್ಣು ಸಾಲದಿದ್ದರೆ ಹೊರಗಿನಿಂದ ತರಬೇಕು, ಮಿಕ್ಕರೆ ಎಲ್ಲಾದರೂ ಸುರಿಯಬೇಕು. ಎರಡಕ್ಕೂ ದುಡ್ಡು.

ಈ ಮಣ್ಣಿನ ಪ್ರಶ್ನೆಯನ್ನು ಗಣಿತವಾಗಿ ಮೊದಲು ಎತ್ತಿಕೊಂಡವನು ಫ್ರಾನ್ಸಿನ ಗಾಸ್ಪಾರ್ ಮೊಂಜ್. ಮೆಜಿಯೇರ್‌ನ ಸೈನಿಕ ಎಂಜಿನಿಯರಿಂಗ್ ಶಾಲೆಯಲ್ಲಿ ಪಾಠ ಹೇಳುತ್ತಿದ್ದವನು. ಕೋಟೆ ಕಟ್ಟುವವರಿಗೆ ಅಗೆಯುವುದು, ಸುರಿಯುವುದು ದಿನನಿತ್ಯದ ಕೆಲಸ. ಅಗೆದ ಪ್ರತಿಯೊಂದು ಹಿಡಿ ಮಣ್ಣು ಎಲ್ಲಿಗೆ ಹೋದರೆ ಒಟ್ಟು ಸಾಗಾಣಿಕೆ ಅತಿ ಕಡಿಮೆ ಆದೀತು ಎಂದು ಅವನು 1781ರ ಪ್ರಬಂಧದಲ್ಲಿ ಕೇಳಿದ. ಎರಡು ಕಡೆಯ ಮಣ್ಣಿನ ದಾರಿಗಳು ಒಂದನ್ನೊಂದು ಅಡ್ಡ ಹಾಯಬಾರದು ಎಂಬುದನ್ನೂ ಕಂಡುಕೊಂಡ. ಪ್ರಶ್ನೆ ಸರಳ. ಆದರೆ ಅದರ ಕೀಲಿಕೈ ಸಿಗಲು ಒಂದೂವರೆ ಶತಮಾನ ಹಿಡಿಯಿತು.

ಹತ್ತಿರದ ತಗ್ಗಿಗೆ ಹಾಕಿದರೆ ಆಯಿತಲ್ಲ, ಇದರಲ್ಲಿ ಗಣಿತವೇನು ಬಂತು ಎಂದು ನೀವು ಕೇಳಬಹುದು. ಒಂದು ಸಣ್ಣ ಲೆಕ್ಕ ಕಟ್ಟಿ ನೋಡೋಣ. ಕಾಗದ ಪೆನ್ಸಿಲ್ ಇದ್ದರೆ ಗೀಟು ಹಾಕಿಕೊಳ್ಳಿ. ರಸ್ತೆಯ ಆರಂಭದಲ್ಲೇ ಒಂದು ತಗ್ಗು. 3ನೇ ಕಿಲೋಮೀಟರಿನಲ್ಲಿ ಒಂದು ದಿಬ್ಬ. 4ನೆಯದರಲ್ಲಿ ಎರಡನೇ ತಗ್ಗು. ಐದೂವರೆಯಲ್ಲಿ ಎರಡನೇ ದಿಬ್ಬ. ಒಂದೊಂದು ದಿಬ್ಬದಲ್ಲೂ 10,000 ಘನ ಮೀಟರ್ ಮಣ್ಣು, ಒಂದೊಂದು ತಗ್ಗಿಗೂ ಅಷ್ಟೇ ಬೇಕು. ಮೊದಲ ದಿಬ್ಬದ ಹತ್ತಿರದ ತಗ್ಗು 4ನೇ ಕಿಲೋಮೀಟರಿನದು, ಒಂದೇ ಕಿಲೋಮೀಟರ್ ದೂರ. ಅಲ್ಲಿಗೆ ಸುರಿದುಬಿಟ್ಟರೆ, ಎರಡನೇ ದಿಬ್ಬದ ಮಣ್ಣು ಐದೂವರೆ ಕಿಲೋಮೀಟರ್ ಹಿಂದಕ್ಕೆ, ಆರಂಭದ ತಗ್ಗಿಗೆ ಹೋಗಬೇಕು. ಒಟ್ಟು ಆರೂವರೆ. ಅದರ ಬದಲು ಮೊದಲ ದಿಬ್ಬದ ಮಣ್ಣನ್ನು 3 ಕಿಲೋಮೀಟರ್ ಹಿಂದಿನ ತಗ್ಗಿಗೆ ಕಳಿಸಿ, ಎರಡನೇ ದಿಬ್ಬದ್ದನ್ನು ಒಂದೂವರೆ ಕಿಲೋಮೀಟರ್ ಹಿಂದಿನ ತಗ್ಗಿಗೆ ಹಾಕಿದರೆ ಒಟ್ಟು ನಾಲ್ಕೂವರೆ. ಎರಡರ ನಡುವೆ 2 ಕಿಲೋಮೀಟರಿನ ವ್ಯತ್ಯಾಸ. ಒಂದು ಟಿಪ್ಪರ್ 10 ಘನ ಮೀಟರ್ ಹೊರುತ್ತದೆ ಎಂದುಕೊಂಡರೆ ಒಂದೊಂದು ದಿಬ್ಬಕ್ಕೆ ಸಾವಿರ ಟ್ರಿಪ್. ಹೊತ್ತುಕೊಂಡು ಹೋಗುವ ಓಟದಲ್ಲೇ 2,000 ಕಿಲೋಮೀಟರ್ ಉಳಿಯಿತು. ಖಾಲಿ ಮರಳುವುದನ್ನೂ ಸೇರಿಸಿದರೆ 4,000. ನಾಲ್ಕೇ ಜಾಗಗಳಿದ್ದಾಗ ಇಷ್ಟು. ನಿಜವಾದ ಹೆದ್ದಾರಿಯಲ್ಲಿ ಇಂಥ ಜಾಗಗಳು ನೂರಾರು. ಅಲ್ಲಿ ಕಲ್ಲು ಬೇರೆ, ಮಣ್ಣು ಬೇರೆ. ಅಗೆದಾಗ ಮಣ್ಣು ಸಡಿಲವಾಗಿ ಉಬ್ಬುತ್ತದೆ, ರೋಲರ್ ಹೊಡೆದ ಮೇಲೆ ಕುಗ್ಗುತ್ತದೆ. ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಹತ್ತೊಂಬತ್ತನೇ ಶತಮಾನದ ರೈಲು ಎಂಜಿನಿಯರುಗಳು ಇದಕ್ಕೊಂದು ಚಂದದ ರೇಖಾಚಿತ್ರ ಕಂಡುಹಿಡಿದರು. ಮಾಸ್ ಹಾಲ್ ಡಯಾಗ್ರಾಮ್ ಎನ್ನುತ್ತಾರೆ. ಬ್ಯಾಂಕಿನ ಪಾಸ್‌ಬುಕ್ ಇದ್ದಂತೆ ಅದು: ಕಡಿದದ್ದು ಜಮಾ, ತುಂಬಿದ್ದು ಖರ್ಚು, ದಾರಿಯುದ್ದಕ್ಕೂ ಬಾಕಿ ಎಷ್ಟೆಂದು ಬರೆಯುತ್ತ ಹೋಗುವುದು. ಬಾಕಿ ಎಲ್ಲಿ ಸೊನ್ನೆಗೆ ಬರುತ್ತದೋ ಅಲ್ಲಿಯವರೆಗೆ ಆ ತುಂಡಿನ ಮಣ್ಣು ಆ ತುಂಡಿಗೇ ಸಾಕು. ಸಿವಿಲ್ ಎಂಜಿನಿಯರಿಂಗ್ ಓದಿದವರಿಗೆಲ್ಲ ಇದು ಪರಿಚಿತ.

ಮೊಂಜ್‌ನ ಪ್ರಶ್ನೆಗೆ ನಿಜವಾದ ಕೀಲಿಕೈ ಸಿಕ್ಕಿದ್ದು ಲೆನಿನ್‌ಗ್ರಾಡ್‌ನಲ್ಲಿ, ರಸ್ತೆಗೆ ಸಂಬಂಧವೇ ಇಲ್ಲದ ಕಡೆ. 1930ರ ದಶಕದ ಕೊನೆಯಲ್ಲಿ ಪ್ಲೈವುಡ್ ಉದ್ಯಮದವರು ಲಿಯೊನಿದ್ ಕಾಂತೊರೊವಿಚ್ ಎಂಬ ಯುವ ಗಣಿತಜ್ಞರ ಹತ್ತಿರ ಬಂದರು. ಯಾವ ಯಂತ್ರಕ್ಕೆ ಯಾವ ಬಗೆಯ ಮರ ಕೊಟ್ಟರೆ ಉತ್ಪಾದನೆ ಹೆಚ್ಚಾದೀತು ಎಂಬುದು ಅವರ ತೊಡಕು. ಅದನ್ನು ಬಿಡಿಸುತ್ತ ಕಾಂತೊರೊವಿಚ್ ಕಂಡುಕೊಂಡ ವಿಧಾನವನ್ನು ಇವತ್ತು ಲೀನಿಯರ್ ಪ್ರೋಗ್ರಾಮಿಂಗ್ ಎನ್ನುತ್ತೇವೆ. 1939ರಲ್ಲಿ ಅದನ್ನು ಪುಟ್ಟ ಪುಸ್ತಕವಾಗಿ ಪ್ರಕಟಿಸಿದರು. 1942ರಲ್ಲಿ ರಾಶಿಗಳನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸುವ ಬಗ್ಗೆ ಪ್ರಬಂಧ ಬರೆದರು. ತಾವು ಬಿಡಿಸಿದ್ದು ಮೊಂಜ್‌ನ ಹಳೆಯ ಒಗಟನ್ನೇ ಎಂದು ಅವರಿಗೆ ಗೊತ್ತಾದದ್ದು ಆಮೇಲೆ. 1948ರ ಪುಟ್ಟ ಟಿಪ್ಪಣಿಯೊಂದರಲ್ಲಿ ಅದನ್ನು ಹೇಳಿದ್ದಾರೆ. 1975ರಲ್ಲಿ ಅವರಿಗೂ ಚಾಲಿಂಗ್ ಕೂಪ್‌ಮನ್ಸ್ ಅವರಿಗೂ ಅರ್ಥಶಾಸ್ತ್ರದ ನೊಬೆಲ್ ಬಂತು.

ಕಾಂತೊರೊವಿಚ್ ಅವರ ವಿಧಾನದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಅಂಶ ಬೇರೆ. ಲೆಕ್ಕ ಬಿಡಿಸಿದಾಗ ಉತ್ತರ ಒಂದೇ ಬರುವುದಿಲ್ಲ. ಹಾಕಿದ ಪ್ರತಿಯೊಂದು ಕಟ್ಟುಪಾಡಿನ ಎದುರಿಗೂ ಒಂದು ಬೆಲೆ ಬರುತ್ತದೆ. ಈ ಕಟ್ಟುಪಾಡನ್ನು ಒಂದು ಅಳತೆ ಸಡಿಲಿಸಿದರೆ ಖರ್ಚು ಎಷ್ಟು ಇಳಿದೀತು ಎಂಬ ಸಂಖ್ಯೆ. ಶ್ಯಾಡೋ ಪ್ರೈಸ್ ಎನ್ನುತ್ತಾರೆ. ಆರಂಭದಲ್ಲಿ ಹೇಳಿದ ಆ ಇನ್ನೊಂದು ಸಂಗತಿ ಇದೇ. ಇದಕ್ಕೆ ಮತ್ತೆ ಬರುತ್ತೇನೆ.

ಮಣ್ಣು ಎಲ್ಲಿಗೆ ಹೋಗಬೇಕೆಂಬುದು ಬಗೆಹರಿಯಿತು. ರಸ್ತೆ ಎಷ್ಟು ಎತ್ತರದಲ್ಲಿ ಹೋಗಬೇಕು? 10 ಕಿಲೋಮೀಟರ್ ರಸ್ತೆಯಲ್ಲಿ ಪ್ರತಿ 100 ಮೀಟರಿಗೆ ಒಂದು ಗುರುತು, ಪ್ರತಿ ಗುರುತಿನಲ್ಲೂ 20 ಎತ್ತರಗಳ ಆಯ್ಕೆ ಎಂದುಕೊಳ್ಳಿ. ಒಟ್ಟು ಸಾಧ್ಯತೆಗಳನ್ನು ಬರೆಯಲು 1ರ ಮುಂದೆ 130 ಸೊನ್ನೆ ಬೇಕು. ಯಾವ ಕಂಪ್ಯೂಟರೂ ಅಷ್ಟನ್ನು ಒಂದೊಂದಾಗಿ ನೋಡಲಾರದು. 1950ರ ದಶಕದಲ್ಲಿ ರಿಚರ್ಡ್ ಬೆಲ್‌ಮನ್ ರೂಪಿಸಿದ ಡೈನಾಮಿಕ್ ಪ್ರೋಗ್ರಾಮಿಂಗ್ ಪ್ರತಿ ಗುರುತಿನ ಪ್ರತಿ ಎತ್ತರಕ್ಕೂ ಅಲ್ಲಿಯವರೆಗಿನ ಅತಿ ಅಗ್ಗದ ದಾರಿಯೊಂದನ್ನೇ ಉಳಿಸಿಕೊಂಡು ಮುಂದೆ ಹೋಗುತ್ತದೆ. ಆಗ ಸುಮಾರು 40,000 ಹೋಲಿಕೆಗಳಲ್ಲಿ ಕೆಲಸ ಮುಗಿಯುತ್ತದೆ. ಆದರೆ ಇಲ್ಲೊಂದು ತೊಡಕು. ಇಲ್ಲಿ ಕಡಿದ ಮಣ್ಣು ಎರಡು ಕಿಲೋಮೀಟರ್ ಆಚೆ ಬೇಕಾಗುತ್ತದೆ, ಹಾಗಾಗಿ ಒಂದು ತುಂಡಿನ ಖರ್ಚನ್ನು ಆ ತುಂಡಿನಲ್ಲೇ ಮುಗಿಸಲು ಆಗುವುದಿಲ್ಲ. ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಒಕನಾಗನ್ ಕ್ಯಾಂಪಸ್ಸಿನಲ್ಲಿ ವಾರೆನ್ ಹೇರ್, ಈವ್ ಲ್ಯೂಸೆ ಮತ್ತು ಅವರ ಸಂಗಡಿಗರು ಎತ್ತರ ಮತ್ತು ಮಣ್ಣಿನ ಸಾಗಾಣಿಕೆ ಎರಡನ್ನೂ ಒಂದೇ ಲೆಕ್ಕದೊಳಗೆ ಇಟ್ಟು ಬಿಡಿಸುವ ಮಾದರಿಗಳನ್ನು ಕಟ್ಟಿದ್ದಾರೆ. ಸುತ್ತಲೂ ಬೆಟ್ಟಗಳ ಸೀಮೆ ಅದು. ನದಿ ಅಡ್ಡ ಬಂದರೆ ಸೇತುವೆ ಆಗುವ ತನಕ ಈಚೆಯ ಮಣ್ಣು ಆಚೆಗೆ ದಾಟುವಂತಿಲ್ಲ ಎಂಬುದನ್ನೂ ಅವರ ಮಾದರಿ ಗಮನಿಸುತ್ತದೆ. ಸೈಟಿನಲ್ಲಿ ನಿಂತು ಕೆಲಸ ಮಾಡಿಸಿದವರಿಗೆ ಈ ಮಾತಿನ ತೂಕ ಗೊತ್ತು.

ಗೆರೆ ಎಡಕ್ಕೋ ಬಲಕ್ಕೋ ಎಂಬ ಪ್ರಶ್ನೆ ಇನ್ನೂ ಕಷ್ಟದ್ದು, ಏಕೆಂದರೆ ಅಲ್ಲಿ ಮನೆಗಳಿವೆ, ಗದ್ದೆಗಳಿವೆ, ನೀರಿದೆ. ಅಮೆರಿಕದ ಮೇರಿಲ್ಯಾಂಡ್ ರಾಜ್ಯದಲ್ಲಿ ಬ್ರೂಕ್‌ವಿಲ್ ಎಂಬ ಪುಟ್ಟ ಊರಿದೆ. 1814ರಲ್ಲಿ ಬ್ರಿಟಿಷ್ ಸೇನೆ ವಾಷಿಂಗ್ಟನ್ನಿಗೆ ಬೆಂಕಿ ಇಟ್ಟಾಗ ಅಧ್ಯಕ್ಷ ಜೇಮ್ಸ್ ಮ್ಯಾಡಿಸನ್ ಒಂದು ರಾತ್ರಿ ತಂಗಿದ ಊರು. ಹಳೆಯ ಮನೆಗಳ ನಡುವೆಯೇ ಹೆದ್ದಾರಿ ಹಾದುಹೋಗುತ್ತಿತ್ತು, ಬೈಪಾಸ್ ಬೇಕಾಗಿತ್ತು. ಪಾಲ್ ಶಾನ್‌ಫೆಲ್ಡ್, ಮನೋಜ್ ಝಾ ಮೊದಲಾದ ಸಂಶೋಧಕರು ತಮ್ಮ ಮಾದರಿಯನ್ನು ಈ ಬೈಪಾಸಿಗೆ ಹಚ್ಚಿ ನೋಡಿದರು. ಆಸ್ತಿಗಳು, ತೊರೆಗಳು, ಜೌಗು ನೆಲ, ಪಾರ್ಕು, ಚಾರಿತ್ರಿಕ ಸ್ಥಳಗಳು, ಎಲ್ಲವನ್ನೂ ಕಂಪ್ಯೂಟರ್ ನಕ್ಷೆಯಲ್ಲಿ ಪದರ ಪದರವಾಗಿ ಗುರುತಿಸಿದರು. ಗೆರೆ ತಿರುಗುವ ಬಿಂದುಗಳನ್ನು ಯಂತ್ರ ಸಾವಿರಾರು ಬಗೆಯಲ್ಲಿ ಜೋಡಿಸಿ, ಒಳ್ಳೆಯ ಗೆರೆಗಳ ತುಂಡುಗಳನ್ನು ಒಂದಕ್ಕೊಂದು ಬೆಸೆದು, ಕೆಟ್ಟವನ್ನು ಬಿಡುತ್ತ ಪೀಳಿಗೆಯಿಂದ ಪೀಳಿಗೆಗೆ ಸುಧಾರಿಸುತ್ತ ಹೋಗುತ್ತದೆ. ಜೆನೆಟಿಕ್ ಅಲ್ಗಾರಿದಂ ಎಂಬ ಹೆಸರು ಬಂದದ್ದು ಇದರಿಂದ. ಇದಕ್ಕಿಂತ ಒಳ್ಳೆಯ ಗೆರೆ ಇಲ್ಲವೇ ಇಲ್ಲ ಎಂದು ಅದು ಆಣೆ ಮಾಡಿ ಹೇಳಲಾರದು. ಆದರೆ ಮನುಷ್ಯ ಊಹಿಸದ ಗೆರೆಗಳನ್ನು ಮುಂದಿಡುತ್ತದೆ.

ಈಗ ನಮ್ಮ ಮಲೆನಾಡು, ಕರಾವಳಿಗೆ ಬರುತ್ತೇನೆ. ಗುಡ್ಡ ಕಡಿದಾಗ ಎರಡೂ ಬದಿಯ ಗೋಡೆಯನ್ನು ಎಷ್ಟು ಓರೆಯಾಗಿ ಕಡಿಯಬೇಕು ಎಂಬುದು ಈ ಲೆಕ್ಕದೊಳಗೆ ಹೋಗುವ ಒಂದು ಪುಟ್ಟ ಸಂಖ್ಯೆ. ಅದೆಷ್ಟು ದೊಡ್ಡ ಕೆಲಸ ಮಾಡುತ್ತದೆಂದು ನೋಡಿ. ತಳದಲ್ಲಿ 12 ಮೀಟರ್ ಅಗಲದ ರಸ್ತೆ, 20 ಮೀಟರ್ ಆಳದ ಕಟಿಂಗ್. ಗೋಡೆಯನ್ನು ಬಹುತೇಕ ನೆಟ್ಟಗೆ, 4 ಮೀಟರ್ ಏರಿಗೆ 1 ಮೀಟರ್ ಓರೆಯಾಗಿ ಕಡಿದರೆ, ರಸ್ತೆಯ ಪ್ರತಿ ಮೀಟರ್ ಉದ್ದಕ್ಕೆ 340 ಘನ ಮೀಟರ್ ಮಣ್ಣು ಅಗೆಯಬೇಕು. ಮಣ್ಣು ತಾಳುವಂತೆ 1ಕ್ಕೆ 1 ಓರೆಯಾಗಿ ಕಡಿದರೆ 640. ಹೆಚ್ಚುಕಡಿಮೆ ಎರಡರಷ್ಟು. ಆಳ ಹತ್ತೇ ಮೀಟರ್ ಇದ್ದರೆ ಈ ಸಂಖ್ಯೆಗಳು 145 ಮತ್ತು 220. ಓರೆಯಿಂದಾಗುವ ಹೆಚ್ಚಳ ಆಳದ ವರ್ಗದ ಲೆಕ್ಕದಲ್ಲಿ ಬೆಳೆಯುತ್ತದೆ. ಗಟ್ಟಿ ಬಂಡೆಯಲ್ಲಿ ನೆಟ್ಟಗಿನ ಗೋಡೆ ನಿಂತೀತು. ನೀರು ಕುಡಿದ ಜಂಬಿಟ್ಟಿಗೆ ಮತ್ತು ಜೇಡಿಮಣ್ಣಿನ ಗುಡ್ಡದಲ್ಲಿ ಅದು ನಿಲ್ಲುವುದಿಲ್ಲ.

ನೆಟ್ಟಗಿನ ಗೋಡೆಯ ಸಂಖ್ಯೆಯನ್ನು ಬರೆದು ಕೊಟ್ಟರೆ ಯಂತ್ರಕ್ಕೆ ಆಳವಾದ ಕಟಿಂಗ್ ಅಗ್ಗವಾಗಿ ಕಾಣುತ್ತದೆ, ಅದು ಗುಡ್ಡದ ಬುಡವನ್ನೇ ಆರಿಸುತ್ತದೆ. ಆ ಮಣ್ಣಿಗೆ ತಕ್ಕ ಓರೆಯನ್ನು ಕೊಟ್ಟರೆ ಅದೇ ಯಂತ್ರ ತಾನಾಗಿ ರಸ್ತೆಯನ್ನು ಮೇಲಕ್ಕೆತ್ತುತ್ತದೆ, ಇಲ್ಲವೆ ಗುಡ್ಡವನ್ನು ಬಿಟ್ಟು ಬಳಸಿ ಹೋಗುತ್ತದೆ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿದು ಗಂಗಾವಳಿ ನದಿಯವರೆಗೆ ನುಗ್ಗಿದ್ದು, ದಾರಿಬದಿಯ ಚಹಾದಂಗಡಿಯಲ್ಲಿದ್ದವರೂ ಲಾರಿಯವರೂ ಮಣ್ಣುಪಾಲಾದದ್ದು ನಮ್ಮೆಲ್ಲರ ನೆನಪಿನಲ್ಲಿದೆ. ಅದೇ ತಿಂಗಳು ಸಕಲೇಶಪುರದ ಹತ್ತಿರ ದೊಡ್ಡತಪ್ಪಲೆಯಲ್ಲೂ ಹೆದ್ದಾರಿಗೆ ಗುಡ್ಡ ಇಳಿದು ಬಂತು. ಗುಡ್ಡ ಕುಸಿಯುವಂತೆ ಮಾಡುವ ಮಳೆ ನಮ್ಮ ಘಟ್ಟಗಳಿಗೆ ಹೊಸದಲ್ಲ. ಗೋಡೆಯ ಓರೆಯನ್ನು ನಿರ್ಧರಿಸುವಾಗ ಆ ಮಳೆಯನ್ನು ಎದುರಿಗಿಟ್ಟುಕೊಂಡೇ ನಿರ್ಧರಿಸಬೇಕು.

ಇನ್ನೊಂದು ಸಂಖ್ಯೆ ಇದಕ್ಕಿಂತ ಸದ್ದಿಲ್ಲದೆ ಕೆಲಸ ಮಾಡುತ್ತದೆ. ರಸ್ತೆಯ ಖರ್ಚೆಂದರೆ ಕಟ್ಟುವ ಖರ್ಚಷ್ಟೇ ಅಲ್ಲ. ದಿನಕ್ಕೆ 10,000 ವಾಹನ ಓಡುವ ಹೆದ್ದಾರಿಯನ್ನು ಒಂದು ಕಿಲೋಮೀಟರ್ ಹೆಚ್ಚು ಸುತ್ತಿಸಿದರೆ ವರ್ಷಕ್ಕೆ 36.5 ಲಕ್ಷ ಕಿಲೋಮೀಟರ್ ಹೆಚ್ಚಿನ ಓಟ. ಅದರ ಡೀಸೆಲ್ ಯಾರೋ ಸುಡಲೇಬೇಕು, ಹಾಗಾಗಿ ಮುಂದಿನ ವರ್ಷಗಳ ಇಂಥ ಖರ್ಚನ್ನೆಲ್ಲ ಇವತ್ತಿನ ಬೆಲೆಗೆ ಇಳಿಸಿ ಕೂಡಿಸುತ್ತಾರೆ. ಇದು ಸರಿಯೇ. ಆದರೆ ಇಳಿಸುವ ದರ ಎಷ್ಟು? ನಮ್ಮ ರಸ್ತೆ ಯೋಜನೆಗಳಲ್ಲಿ ಶೇ. 12 ಬಹುಕಾಲದಿಂದ ಬಳಕೆಯಲ್ಲಿದೆ. ಆ ದರದಲ್ಲಿ 30 ವರ್ಷದ ಮುಂದಿನ ಒಂದು ರೂಪಾಯಿಗೆ ಇವತ್ತು ಸಿಗುವ ಬೆಲೆ ಸುಮಾರು 3 ಪೈಸೆ. ಶೇ. 8 ಎಂದರೆ 10 ಪೈಸೆ. ನಮ್ಮ ಮಕ್ಕಳು ಓಡಾಡುವ ಕಾಲಕ್ಕೆ ಕುಸಿಯಬಹುದಾದ ಗುಡ್ಡ ಇವತ್ತಿನ ಲೆಕ್ಕದಲ್ಲಿ ಮೂರು ಪೈಸೆಗೆ ಇಳಿದುಬಿಡುತ್ತದೆ. ಯಾರ ಕೆಟ್ಟ ಉದ್ದೇಶವೂ ಇದರಲ್ಲಿಲ್ಲ, ಗುಣಾಕಾರ ಭಾಗಾಕಾರ ಸರಿಯಾಗಿಯೇ ಇದೆ. ಆದ್ದರಿಂದಲೇ ಇದನ್ನು ಬಹಿರಂಗವಾಗಿ ಚರ್ಚಿಸಬೇಕು ಎನ್ನುತ್ತೇನೆ.

ಕಾಂತೊರೊವಿಚ್ ಅವರ ಬೆಲೆಗಳಿಗೆ ಮರಳೋಣ. ಒಂದು ದೇವರಕಾಡು ಇದೆ, ಅಥವಾ ಊರಿಗೆ ನೀರು ಕೊಡುವ ಒರತೆ ಇದೆ ಎನ್ನಿ. ಅದನ್ನು ಮುಟ್ಟಬಾರದು ಎಂಬ ಕಟ್ಟುಪಾಡು ಹಾಕಿ ಲೆಕ್ಕ ಬಿಡಿಸಿ. ಕಟ್ಟುಪಾಡು ತೆಗೆದು ಇನ್ನೊಮ್ಮೆ ಬಿಡಿಸಿ. ಎರಡು ಖರ್ಚುಗಳ ನಡುವಿನ ಅಂತರವೇ ಆ ಕಾಡನ್ನು ಉಳಿಸಲು ತೆರಬೇಕಾದ ಹಣ. ಕಾಡಿನ ಬೆಲೆ ಅದಲ್ಲ. ಕಾಡಿಗೆ ಬೆಲೆ ಕಟ್ಟುವ ಗೋಜಿಗೇ ಗಣಿತ ಹೋಗಬೇಕಾಗಿಲ್ಲ. ಉಳಿಸಿದರೆ ಇಷ್ಟು ಕೋಟಿ ಹೆಚ್ಚಾಗುತ್ತದೆ ಎಂದು ಹೇಳಿ ಅದು ಸುಮ್ಮನಾಗುತ್ತದೆ. ಅಷ್ಟು ತೆರಬೇಕೋ ಬೇಡವೋ ಎಂದು ತೀರ್ಮಾನಿಸುವವರು ಜನ. ಇವತ್ತು ನಡೆಯುವ ವಾದಗಳಲ್ಲಿ ಒಂದು ಕಡೆಯವರು ಬೇರೆ ದಾರಿಯೇ ಇಲ್ಲ ಎನ್ನುತ್ತಾರೆ, ಇನ್ನೊಂದು ಕಡೆಯವರು ದಾರಿ ಇದ್ದೇ ಇದೆ ಎನ್ನುತ್ತಾರೆ. ಇಬ್ಬರ ಕೈಯಲ್ಲೂ ಸಂಖ್ಯೆ ಇಲ್ಲ. ಬೇರೆ ದಾರಿ ಬಹುಮಟ್ಟಿಗೆ ಇದ್ದೇ ಇರುತ್ತದೆ, ಅದರ ಖರ್ಚೂ ಇರುತ್ತದೆ. ಎರಡನ್ನೂ ತೋರಿಸಬಲ್ಲ ಸಾಧನ ಈಗ ನಮ್ಮಲ್ಲಿದೆ, ಹುಡುಕಾಟದ ದಾರಿಯಲ್ಲಿ ಯಂತ್ರ ಕಂಡ ಸಾವಿರಾರು ಗೆರೆಗಳ ಸಮೇತ. ವರದಿಯಲ್ಲಿ ಮಾತ್ರ ಬಹಳ ಸಲ ನಮಗೆ ಸಿಗುವುದು ಗೆದ್ದ ಗೆರೆ ಮತ್ತು ಅದರ ಎದುರು ಸೋಲಲೆಂದೇ ನಿಲ್ಲಿಸಿದಂತೆ ಕಾಣುವ ಒಂದೆರಡು ಗೆರೆಗಳು.

2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ, ಸಾರ್ವಜನಿಕ ವಿಚಾರಣೆ ನಡೆಸಬೇಕಾದ ಯೋಜನೆಗಳಿಗೆ ವರದಿಯ ಸಾರಾಂಶವನ್ನು ಸ್ಥಳೀಯ ಭಾಷೆಯಲ್ಲೂ ಕೊಡಬೇಕು. ನಮ್ಮಲ್ಲಿ ಅದು ಕನ್ನಡ. ವಿಚಾರಣೆಗೆ 30 ದಿನ ಮುಂಚೆ ಸೂಚನೆ ಕೊಡಬೇಕೆಂದೂ ಇದೆ. ಆ ಕನ್ನಡ ಸಾರಾಂಶದಲ್ಲಿ ಎರಡು ಪುಟ ಹೆಚ್ಚು ಸೇರಿಸಿದರೆ ಸಾಕು. ಒಂದು ಪುಟದಲ್ಲಿ ಯಂತ್ರಕ್ಕೆ ಕೊಟ್ಟ ಮುಖ್ಯ ಸಂಖ್ಯೆಗಳು: ವಿನ್ಯಾಸದ ವೇಗ, ರಸ್ತೆಯ ಯಾವ ಜಾಗದಲ್ಲಿ ಕಟಿಂಗಿನ ಓರೆ ಎಷ್ಟು, ಅದು ಯಾವ ಮಣ್ಣಿನ ಪರೀಕ್ಷೆಯ ಆಧಾರದ ಮೇಲೆ, ಮುಂದಿನ ಖರ್ಚನ್ನು ಇಳಿಸಿದ ದರ. ಇನ್ನೊಂದರಲ್ಲಿ ಕಟ್ಟುಪಾಡುಗಳ ಬೆಲೆ: ಈ ಕೆರೆಯನ್ನು ಉಳಿಸಿದರೆ ಇಷ್ಟು, ಈ ಕೇರಿಯನ್ನು ಬಿಟ್ಟು ಹೋದರೆ ಇಷ್ಟು, ವೇಗವನ್ನು 100ರಿಂದ 80ಕ್ಕೆ ಇಳಿಸಿದರೆ ಉಳಿಯುವ ಕಟಿಂಗ್ ಇಷ್ಟು. ಕೂಡಿಸಿ ಕಳೆಯಲು ಬರುವ ಯಾರಾದರೂ ಓದಿ ಪ್ರಶ್ನೆ ಕೇಳಬಹುದಾದ ಪುಟಗಳು ಇವು. ಕೇಳುಗರಲ್ಲಿ ಯಾರ ಊರಿಗಾದರೂ ಅಂಥ ವಿಚಾರಣೆಯ ಸೂಚನೆ ಬಂದಿದ್ದರೆ, ಜಿಲ್ಲಾಧಿಕಾರಿಗಳ ಎದುರು ಎದ್ದು ನಿಂತು ಮೊದಲು ಕೇಳಬೇಕಾದದ್ದು ಕಟಿಂಗಿನ ಓರೆಯ ಸಂಖ್ಯೆಯನ್ನು ಎಂದು ನನಗನಿಸುತ್ತದೆ. ವೇಗದ ಸಂಖ್ಯೆಯನ್ನು ಅದರ ನಂತರ ಕೇಳಿ.